ಗಾಳಿಯ ದಾರಿಯಲ್ಲಿ ನಟ್ಟು ಬಿದ್ದರೆ ಸೆಲ್ಫ್ ಹೊಡೆಯಬೇಡಿ

ಕಾರಿನ ಎಂಜಿನ್‌ಗೆ ಹೋಗುವ ಗಾಳಿಯನ್ನು ಒಂದು ತಟ್ಟೆಯಿಂದ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಬಾಡಿಯನ್ನು ಶುಚಿಗೊಳಿಸಲೆಂದು ಏರ್ ಫಿಲ್ಟರ್‌ನಿಂದ ಬರುವ ದಪ್ಪ ರಬ್ಬರ್ ಹೋಸನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿರುತ್ತೀರಿ. ಎಣ್ಣೆ ಮೆತ್ತಿದ ಬೆರಳಿನಿಂದ ಜಾರಿದ 6 ಮಿಲಿಮೀಟರ್ ನಟ್ಟೊಂದು ಟಿಣ್ಣೆಂದು ಎಲ್ಲೋ ಬಡಿದು, ಮತ್ತೆರಡು ಸಲ ಸಣ್ಣಗೆ ಸದ್ದು ಮಾಡಿ, ಒಳಗೆಲ್ಲೋ ಸುಮ್ಮನಾಗುತ್ತದೆ. ಆ ಹೊತ್ತಿಗೆ ಎಂಜಿನ್‌ಗೆ ಏನೂ ಆಗಿರುವುದಿಲ್ಲ; ಕೀಲಿ ತಿರುಗಿಸುವ ತನಕ ಏನೂ ಆಗುವುದೂ ಇಲ್ಲ.

ಕೀಲಿ ತಿರುಗಿಸಿದರೆ ಮಾತ್ರ ಯೋಚಿಸುವುದಕ್ಕೂ ಸಮಯ ಸಿಗುವುದಿಲ್ಲ. ಸೆಲ್ಫ್ ಮೋಟಾರು ಎಂಜಿನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುವುದರಿಂದ, ಒಂದು ಸೆಕೆಂಡ್ ಕಳೆಯುವ ಮೊದಲೇ ಎಲ್ಲ ಸಿಲಿಂಡರುಗಳೂ ಒಮ್ಮೆ ಉಸಿರೆಳೆದು ಮುಗಿಸಿರುತ್ತವೆ. ಆ ನಟ್ಟಿನ ದಪ್ಪ ಸುಮಾರು 5 ಮಿಲಿಮೀಟರ್. ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ತೆರೆಯುವುದರಿಂದ ನಟ್ಟು ಮಗ್ಗುಲಾಗಿ ನುಸುಳಬಲ್ಲದು. ಆದರೆ ಸಿಲಿಂಡರ್ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಅದರ ಅಂಚಿಗೂ, ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್‌ಗೂ ನಡುವೆ ಉಳಿಯುವ ಸಂದು ಹಲವು ಎಂಜಿನ್‌ಗಳಲ್ಲಿ ಹೆಚ್ಚುಕಡಿಮೆ 1 ಮಿಲಿಮೀಟರ್ ಅಷ್ಟೇ. ಅಲ್ಲಿ ಸಿಕ್ಕಿಕೊಂಡ ಉಕ್ಕು ಪಿಸ್ಟನ್ ತಲೆಯನ್ನು ಜಜ್ಜುತ್ತದೆ, ವಾಲ್ವನ್ನು ಬಾಗಿಸುತ್ತದೆ, ಕಿಡಿ ಹಾರಿಸುವ ಪ್ಲಗ್‌ನ ತುದಿಯನ್ನು ಮುರಿಯುತ್ತದೆ.

ಆದ್ದರಿಂದ ಮೊದಲು ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಟನ್ ಸ್ಟಾರ್ಟ್ ಇರುವ ಕಾರಾದರೆ ಕೀಲಿಯನ್ನು ಮನೆಯೊಳಗೆ ಇಟ್ಟುಬನ್ನಿ. ಅನಂತರ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಈಗಿನ ಬಹುತೇಕ ಕಾರುಗಳಲ್ಲಿ ಥ್ರಾಟಲ್ ತಟ್ಟೆಯನ್ನು ಪುಟ್ಟ ಮೋಟಾರು ಆಡಿಸುತ್ತದೆ. ಬೆರಳು ಒಳಗಿರುವಾಗ ಯಾರಾದರೂ ಇಗ್ನಿಷನ್ ಆನ್ ಮಾಡಿದರೆ ಅದು ಸಟ್ಟನೆ ಚಲಿಸಿ ಬೆರಳನ್ನು ಕಚ್ಚುತ್ತದೆ. ಆ ತಟ್ಟೆಯನ್ನು ಕೈಯಿಂದ ಒತ್ತಿ ತೆರೆಯುವುದೂ ಸಲ್ಲ, ಏಕೆಂದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ಸವೆದರೆ ಇಡೀ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕಾಗಬಹುದು.

ಎರಡನೆಯ ಕೆಲಸ ಲೆಕ್ಕ. ಬಿಚ್ಚಿದ ಎಲ್ಲ ಭಾಗಗಳನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ, ಯಾವುದು ಎಷ್ಟಿರಬೇಕು, ಎಷ್ಟಿದೆ ಎಂದು ಎಣಿಸಿ. ಬ್ಯಾಟರಿ ಟ್ರೇ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಗಡು, ಗೇರ್‌ಬಾಕ್ಸ್ ಮೇಲಿನ ತಗ್ಗು ಇವನ್ನೆಲ್ಲ ಟಾರ್ಚ್ ಹಿಡಿದು ನೋಡಿದ ಮೇಲಷ್ಟೇ ಒಳಗೆ ಬಿದ್ದಿದೆ ಎಂದು ತೀರ್ಮಾನಿಸಿ. ಒಮ್ಮೆ ನಾನು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಎರಡು ಗಂಟೆ ತಡಕಾಡಿದ ವಾಷರ್, ಕೊನೆಗೆ ನನ್ನದೇ ಸಾಕೆಟ್‌ನ ತಳದಲ್ಲಿ ಗ್ರೀಸಿಗೆ ಅಂಟಿಕೊಂಡು ಕುಳಿತಿತ್ತು.

ಮೂರನೆಯದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕಳೆದುಹೋದದ್ದರ ಜೋಡಿ, ಅಂದರೆ ಅದೇ ಬಗೆಯ ಇನ್ನೊಂದು, ಸಾಮಾನ್ಯವಾಗಿ ನಿಮ್ಮ ಕೈಯಲ್ಲಿರುತ್ತದೆ. ಅದಕ್ಕೆ ಮ್ಯಾಗ್ನೆಟ್ ತಾಗಿಸಿ ನೋಡಿ. ಸಾಮಾನ್ಯ ಉಕ್ಕಾದರೆ ಗಟ್ಟಿಯಾಗಿ ಅಂಟುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಹಲವು ಬಗೆಗಳೂ ಅಂಟುವುದಿಲ್ಲ. ಅಂಟದ ವಸ್ತುವಿಗಾಗಿ ಅರ್ಧ ದಿನ ಮ್ಯಾಗ್ನೆಟ್ ಇಳಿಬಿಟ್ಟು ಕೂರುವ ಪಾಡು ಈ ಒಂದು ನಿಮಿಷದ ಪರೀಕ್ಷೆಯಿಂದ ತಪ್ಪುತ್ತದೆ.

ಈಗ ಹುಡುಕಾಟ. ಥ್ರಾಟಲ್ ದಾಟಿದ ಗಾಳಿ ಮೊದಲು ಒಂದು ಕೋಣೆಗೆ ಬಂದು, ಅಲ್ಲಿಂದ ಒಂದೊಂದು ಸಿಲಿಂಡರಿಗೆ ಒಂದೊಂದರಂತೆ ಕವಲೊಡೆದ ಕೊಳವೆಗಳಿಗೆ ಹೋಗುತ್ತದೆ. ಕೊಳವೆಗಳು ಕೋಣೆಯಿಂದ ಮೇಲೆದ್ದು ಬಾಗುವ ವಿನ್ಯಾಸವಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಿಂತ ಎಂಜಿನ್‌ನಲ್ಲಿ ಬಿದ್ದದ್ದು ಕೋಣೆಯ ತಳದಲ್ಲೇ ಉಳಿದಿರುತ್ತದೆ. ಕೊಳವೆಗಳು ಹೆಡ್‌ನತ್ತ ಇಳಿಜಾರಾಗಿದ್ದರೆ ಅದು ಉರುಳಿ ವಾಲ್ವಿನ ಬೆನ್ನಮೇಲೆ ಕುಳಿತಿರಬಹುದು, ಆ ವಾಲ್ವ್ ತೆರೆದೇ ನಿಂತಿದ್ದರೆ ಸಿಲಿಂಡರನ್ನೂ ಸೇರಿರಬಹುದು. ಮೊಬೈಲಿಗೆ ಜೋಡಿಸುವ ತೆಳು ವೈರಿನ ಕ್ಯಾಮೆರಾ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸುಮಾರು 5.5 ಮಿಲಿಮೀಟರ್ ದಪ್ಪದ್ದನ್ನೇ ಕೊಳ್ಳಿ. ಮುಂದೆ ಪ್ಲಗ್ ರಂಧ್ರದಲ್ಲಿ ಅದರ ಪಕ್ಕಕ್ಕೇ ಇನ್ನೊಂದು ಸಾಧನವನ್ನು ಇಳಿಸಲು ಜಾಗ ಉಳಿಯುತ್ತದೆ. ಹೊರಗೆಳೆಯುವಾಗ ಅವಸರ ಬೇಡ, ವೈರು ಕೊಂಕಿನಲ್ಲಿ ಸಿಕ್ಕರೆ ತೆಗೆಯಬೇಕಾದ ವಸ್ತು ಎರಡಾಗುತ್ತವೆ.

ಕಂಡದ್ದು ಉಕ್ಕಾದರೆ, ರೇಡಿಯೊ ಏರಿಯಲ್‌ನಂತೆ ಉದ್ದವಾಗುವ ಮ್ಯಾಗ್ನೆಟ್ ಕಡ್ಡಿಯೇ ಸಾಕು. ಅದರ ತುದಿಯ ಮ್ಯಾಗ್ನೆಟ್ ಭದ್ರವಾಗಿದೆಯೇ ಎಂದು ಮೊದಲೇ ಎಳೆದು ನೋಡಿ, ಏಕೆಂದರೆ ಅಗ್ಗದ ಕಡ್ಡಿಗಳಲ್ಲಿ ಅದು ಕಳಚಿ ಒಳಗೇ ಉಳಿಯುವುದುಂಟು. ದಾರಿಯಲ್ಲಿ ವಾಲ್ವ್ ಅಥವಾ ಕಬ್ಬಿಣದ ಸಿಲಿಂಡರ್ ಗೋಡೆ ಇದ್ದರೆ ಮ್ಯಾಗ್ನೆಟ್ ಪಕ್ಕಕ್ಕೆ ಜಿಗಿದು ಅಲ್ಲೇ ಅಂಟಿಕೊಂಡು ಸತಾಯಿಸುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಗಾಳಿ ಪೈಪಿನಂಥದ್ದನ್ನು ಅದಕ್ಕೆ ತೊಡಿಸಿ, ತುದಿಯಷ್ಟೇ ಹೊರಗಿರುವಂತೆ ಮಾಡಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಅಂಟದ ವಸ್ತುವಾದರೆ ಕಡ್ಡಿಯ ತುದಿಗೆ ಗಟ್ಟಿ ಗ್ರೀಸ್ ಮೆತ್ತಿ ಒತ್ತಿ ಎತ್ತಿ, ಇಲ್ಲವೇ ಗುಂಡಿ ಒತ್ತಿದರೆ ಮೂರು ಬೆರಳು ಚಾಚುವ ಸ್ಪ್ರಿಂಗ್ ಕಡ್ಡಿಯನ್ನು ಬಳಸಿ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಪೈಪನ್ನು ಟೇಪಿನಿಂದ ಸುತ್ತಿ ಎಳೆಯುವ ಉಪಾಯವೂ ಫಲ ಕೊಡುತ್ತದೆ. ಆದರೆ ಥ್ರಾಟಲ್ ಕ್ಲೀನರ್ ಸ್ಪ್ರೇ ಆಗಲಿ, ಪೆಟ್ರೋಲ್ ಆವಿಯಾಗಲಿ ಕ್ಲೀನರಿನ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದಾದ್ದರಿಂದ, ವಾಸನೆ ಪೂರ್ತಿ ಆರುವ ತನಕ ಅದನ್ನು ಹತ್ತಿರ ತರಬೇಡಿ. ಕಂಪ್ರೆಸರ್ ಗಾಳಿಯನ್ನಂತೂ ಊದಲೇಬೇಡಿ. ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದದ್ದು ಹಾರಿ ಯಾವ ಕೊಳವೆ ಸೇರಿತೆಂದು ತಿಳಿಯದಂತಾಗುತ್ತದೆ.

ಕಾರ್ಬ್ಯುರೇಟರ್ ಕಾಲದ ಮಾರುತಿ 800 ಇನ್ನೂ ಮನೆಯಲ್ಲಿದ್ದರೆ ಒಂದು ಮಾತು. ಗಾಳಿಗೆ ಪೆಟ್ರೋಲ್ ಬೆರೆಸುವ ಆ ಕಾರ್ಬ್ಯುರೇಟರಿನ ಬಾಯಿ ಆಕಾಶಕ್ಕೆ ತೆರೆದಿರುವುದರಿಂದ ಮೇಲಿನಿಂದ ಜಾರಿದ ನಟ್ಟು ನೇರ ಒಳಗಿಳಿಯುತ್ತದೆ. ಆದರೆ ಕೆಳಗಿನ ಥ್ರಾಟಲ್ ತಟ್ಟೆ ಮುಚ್ಚಿರುವಷ್ಟು ಹೊತ್ತು ಅದರ ಮೇಲೇ ಕುಳಿತಿರುತ್ತದೆ, ಆಕ್ಸಿಲರೇಟರ್ ತುಳಿಯದಿದ್ದರೆ ಸಾಕು. ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಟರ್ಬೊ ಇರುವ ಕಾರಿನಲ್ಲಿ, ಟರ್ಬೊಗಿಂತ ಹಿಂದಿನ ಪೈಪಿನೊಳಗೆ ಬಿದ್ದದ್ದು ಮೊದಲು ಸಿಗುವುದು ಕಂಪ್ರೆಸರ್ ಚಕ್ರಕ್ಕೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಆ ರೆಕ್ಕೆಗಳಿಗೆ ಸಣ್ಣ ವಾಷರ್ ತಗುಲಿದರೂ ಟರ್ಬೊ ಹೋಯಿತೆಂದೇ ಲೆಕ್ಕ.

ಎಷ್ಟೇ ಹುಡುಕಿದರೂ ಕಾಣದಿದ್ದರೆ ಮ್ಯಾನಿಫೋಲ್ಡ್ ಇಳಿಸಬೇಕು. ಎಂಜಿನ್ ಕೆಲಸ ಮಾಡಿ ರೂಢಿಯಿಲ್ಲದವರು ಇಲ್ಲಿಗೆ ನಿಲ್ಲಿಸಿ, ಕಾರನ್ನು ಸ್ಟಾರ್ಟ್ ಮಾಡದೆ ಟೋ ಮಾಡಿಸಿ ಗ್ಯಾರೇಜಿಗೆ ಕಳಿಸುವುದು ಒಳ್ಳೆಯದು. ಇಳಿಸುವವರು ಹೆಡ್‌ನ ಬಾಯಿಗಳು ಕಂಡ ತಕ್ಷಣ ಒಂದೊಂದಕ್ಕೂ ಬಣ್ಣದ ಬಟ್ಟೆಯನ್ನು ತುರುಕಿ, ಬಾಲ ಹೊರಗೆ ಬಿಟ್ಟು, ಎಷ್ಟು ತುಂಡೆಂದು ಬರೆದಿಟ್ಟುಕೊಳ್ಳಿ. ಕಳಚಿದ ಮ್ಯಾನಿಫೋಲ್ಡನ್ನು ತಲೆಕೆಳಗು ಮಾಡಿ ಅಲುಗಿಸಿದರೆ ಅನೇಕ ಸಲ ಹುಡುಕುತ್ತಿದ್ದದ್ದು ತಾನಾಗಿಯೇ ಅಂಗೈಗೆ ಉದುರುತ್ತದೆ. ಜೋಡಿಸುವಾಗ ಸಂದಿನಲ್ಲಿ ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟನ್ನು ಹೊಸದು ಹಾಕಿ.

ಸಿಲಿಂಡರ್ ಒಳಗೇ ಹೋಗಿದ್ದರೆ ಪ್ಲಗ್ ರಂಧ್ರವೇ ದಾರಿ. ಪ್ಲಗ್ ಸುತ್ತಲಿನ ಗುಳಿಯ ಧೂಳನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ನಟ್ಟಿನ ಜೊತೆಗೆ ಮರಳೂ ಸೇರುತ್ತದೆ. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕ್‌ನ ತುದಿಯಲ್ಲಿರುವ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ತಿರುಗಿಸಿ ಪಿಸ್ಟನನ್ನು ಅರ್ಧ ಎತ್ತರಕ್ಕೆ ತನ್ನಿ. ಪೂರ್ತಿ ಮೇಲಕ್ಕೆ ಬೇಡ. ಎಲ್ಲಿಯಾದರೂ ಗಟ್ಟಿಯಾಗಿ ತಡೆದಂತೆ ಅನಿಸಿದರೆ ಒತ್ತಬೇಡಿ, ಒಂದಿಷ್ಟು ಹಿಂದಕ್ಕೆ ತಿರುಗಿಸಿ ಕ್ಯಾಮೆರಾ ಇಳಿಸಿ ನೋಡಿ. ಪಿಸ್ಟನ್ ಅಲ್ಯೂಮಿನಿಯಮ್ಮಿನದಾದ್ದರಿಂದ ಅದರ ಮೇಲೆ ಬಿದ್ದ ಉಕ್ಕಿನ ತುಂಡು ಮ್ಯಾಗ್ನೆಟ್ಟಿಗೆ ಸುಲಭವಾಗಿ ಬರುತ್ತದೆ. ಬರದಿದ್ದರೆ ಉಳಿಯುವುದು ಹೆಡ್ ಇಳಿಸುವ ಖರ್ಚಿನ ದಾರಿ.

ಸಿಕ್ಕ ತುಂಡನ್ನು ಅದರ ಜೋಡಿಯ ಪಕ್ಕದಲ್ಲಿಟ್ಟು ನೋಡಿ. ಚೂರು ಮುರಿದಿದ್ದರೆ ಆ ಚೂರೂ ಸಿಗುವ ತನಕ ಹುಡುಕಬೇಕು. ಬಟ್ಟೆಯ ತುಂಡುಗಳ ಲೆಕ್ಕವೂ ಸರಿಬಂದ ಮೇಲೆ, ಪ್ಲಗ್ಗುಗಳು ಹೊರಗಿರುವಾಗಲೇ ಎಂಜಿನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಡೆಯದಿದ್ದರೆ ಎಲ್ಲವನ್ನೂ ಜೋಡಿಸಿ ಬ್ಯಾಟರಿ ಹಾಕಿ. ಮೊದಲ ಸಲ ಸೆಲ್ಫ್ ಹೊಡೆಯುವಾಗ ರೇಡಿಯೊ, ಏಸಿ ಎರಡೂ ಆಫ್ ಆಗಿರಲಿ, ಕಿಟಕಿ ತೆರೆದಿರಲಿ. ಲೋಹ ಬಡಿದಂಥ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ. ಸದ್ದಿಲ್ಲದೆ ಐಡ್ಲಿಂಗ್ ಮಾತ್ರ ಸ್ವಲ್ಪ ಏರುಪೇರಾಗುತ್ತಿದ್ದರೆ ಗಾಬರಿ ಬೇಡ; ಬ್ಯಾಟರಿ ಕಳಚಿದ್ದರಿಂದ ಕಂಪ್ಯೂಟರ್ ಥ್ರಾಟಲ್‌ನ ಅಳತೆಯನ್ನು ಮತ್ತೆ ಕಲಿಯುತ್ತಿರುತ್ತದೆ, ಹಲವು ಕಾರುಗಳಲ್ಲಿ ಕೆಲವು ನಿಮಿಷಗಳಲ್ಲಿ ತಾನೇ ಹದಕ್ಕೆ ಬರುತ್ತದೆ.