ಕೆರೆ ತೋಡಿದೆವು, ನೀರು ಬರಲಿಲ್ಲ: ಒಬ್ಬ ಭೂಮಾಪಕನ ಅನುಭವ

ನಾನು ಕೋಲಾರ ಜಿಲ್ಲೆಯವನು. ಪರವಾನಗಿ ಪಡೆದ ಭೂಮಾಪಕನಾಗಿ ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ಕಳೆದಿವೆ. ಹದ್ದುಬಸ್ತು ಎಂದರೆ ಜಮೀನಿನ ಗಡಿ ಗುರುತಿಸುವುದು, ಪೋಡಿ ಎಂದರೆ ಒಂದು ಸರ್ವೆ ನಂಬರನ್ನು ಅಳೆದು ಬೇರ್ಪಡಿಸುವುದು, ಜೊತೆಗೆ ಅಣ್ಣ ತಮ್ಮಂದಿರ ಭಾಗ, ಇವೇ ನನ್ನ ದಿನನಿತ್ಯದ ವ್ಯವಹಾರ. ನಮ್ಮೂರಿನ ಕೆರೆಯ ಕೆಲಸಕ್ಕೆ ನಾನು ಇಳಿದದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. 2016ರಲ್ಲಿ ನಮ್ಮ ಮೂರನೆಯ ಕೊಳವೆಬಾವಿ 1,300 ಅಡಿಗೆ ಹೋದರೂ ಧೂಳನ್ನಷ್ಟೇ ಮೇಲಕ್ಕೆ ಊದಿತು. ಆ ಸಾಲವನ್ನು ತೀರಿಸಲು ನನ್ನ ತಮ್ಮ ಹಿಪ್ಪುನೇರಳೆ ತೋಟವನ್ನು ಬಿಟ್ಟು, ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗೋದಾಮೊಂದರ ಕೆಲಸಕ್ಕೆ ಹೋಗತೊಡಗಿದ. ಇನ್ನೊಂದು ಬಾವಿ ಕೊರೆಸುವ ಶಕ್ತಿ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲವಾದ್ದರಿಂದ ಕೆರೆಯ ಕಡೆ ನೋಡುವುದು ಅನಿವಾರ್ಯವಾಯಿತು.

ಜಿಲ್ಲೆಯನ್ನು ಅರಿಯದವರಿಗಾಗಿ ಒಂದು ಮಾತು ಹೇಳಬೇಕು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಕಡೆಯಿಂದ ಇಳಿಯುವ ಪಾಲಾರ್ ಇಲ್ಲಿ ಹೊಳೆಯಾಗಿ ಕಾಣುವುದಕ್ಕಿಂತ ಒಂದರ ಕೆಳಗೊಂದು ಪೋಣಿಸಿದ ಕೆರೆಗಳ ಸಾಲಾಗಿ ಕಾಣುತ್ತದೆ; ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ವರ್ಷಕ್ಕೆ 700 ಮಿಲಿಮೀಟರಿಗಿಂತ ತುಸು ಹೆಚ್ಚು ಬೀಳುವ ಮಳೆಯನ್ನು ಹಿಡಿದಿಡಲು ಹಿಂದಿನವರು ಕಂಡುಕೊಂಡ ಉಪಾಯ ಅದು. ಕೊಳವೆಬಾವಿ ಬಂದ ಮೇಲೆ ಆ ಉಪಾಯದ ನೆನಪು ಯಾರಿಗೂ ಬೇಡವಾಯಿತು. ಪ್ರಪಂಚದಲ್ಲಿ ಅತಿ ಹೆಚ್ಚು ಅಂತರ್ಜಲವನ್ನು ಮೇಲೆತ್ತುವ ದೇಶ ನಮ್ಮದು. ಅದರಲ್ಲಿ ನಮ್ಮ ಜಿಲ್ಲೆಯ ಪಾಲು ಎಷ್ಟು ದುಡುಕಿನದು ಎಂಬುದನ್ನು, ಐದು ರೂಪಾಯಿ ನಾಣ್ಯ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳೊಡನೆ ಸಾಲಾಗಿ ನಿಂತ ಹೆಂಗಸರನ್ನು ನೋಡಿದರೆ ತಿಳಿಯಬಹುದು. ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ.

2017ರ ಬೇಸಿಗೆಯಲ್ಲಿ ನಾವು ಮಾಡಿದ ಮೊದಲ ಕೆಲಸ ಹೂಳೆತ್ತುವುದು. ಎಲ್ಲರೂ ಮಾಡುವುದು ಅದನ್ನೇ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಊರವರ ಚಂದಾ ಹಣದಲ್ಲಿ ಎರಡು ಜೆಸಿಬಿ ತರಿಸಿದೆವು; ಗೋಡು ಮಣ್ಣನ್ನು ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ಹೊಲಗಳಿಗೆ ಸಾಗಿಸಿಕೊಂಡರು. ಒಟ್ಟು ಸುಮಾರು ನಾಲ್ಕು ಸಾವಿರ ಲೋಡು. ಆಗ ನಮಗಿದ್ದ ಹೆಮ್ಮೆಗೆ ಮಿತಿಯಿರಲಿಲ್ಲ. ಮಾಡಿದ ತಪ್ಪುಗಳಿಗೂ ಇರಲಿಲ್ಲ. ಟ್ರ್ಯಾಕ್ಟರು ನಿಲ್ಲಲು ಅನುಕೂಲವೆಂದು ಏರಿಯ ಬುಡಕ್ಕೆ ತೀರಾ ಹತ್ತಿರದಲ್ಲೇ ಅಗೆಸಿದೆವು. ಅದರಿಂದ ಏರಿಯ ಪಾದವೇ ಸಡಿಲವಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಒಳ್ಳೆಯ ಗೋಡು ಮುಗಿದ ಮೇಲೂ ಬಿಡದೆ, ನೀರನ್ನು ಹಿಡಿದಿಡುವ ಜೇಡಿಯ ಪದರವನ್ನೂ ಎರಡು ಕಡೆ ಕಿತ್ತು ಗರಸು ಕಾಣುವವರೆಗೆ ಇಳಿದೆವು. ಆ ಗುಂಡಿಗಳಲ್ಲಿ ನಿಂತ ಮಳೆನೀರು ಹದಿನೈದು ದಿನವೂ ಉಳಿಯಲಿಲ್ಲ. ಒಂದು ಎಮ್ಮೆ ಕೆಸರಿನ ಗುಂಡಿಗೆ ಇಳಿದು, ಹಗ್ಗ ಹಾಕಿ ಎಳೆಯುವಷ್ಟರಲ್ಲಿ ಸತ್ತುಹೋಯಿತು. ಅದರ ಯಜಮಾನನಿಗೆ ನಾವು ಚಂದಾ ಎತ್ತಿ ಕೊಟ್ಟದ್ದು ಎಮ್ಮೆಯ ಬೆಲೆಯ ಅರ್ಧ ಮಾತ್ರ.

2018ರಲ್ಲಿ ಮಳೆ ಕಡಿಮೆಯಾಯಿತು. ಅದೇ ವರ್ಷ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಗೆ ಬಂತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಹೋರಾಟಗಾರರು ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದು ಎಂದು ನನ್ನ ಎಣಿಕೆ. ಅದೇನೇ ಇರಲಿ, ಆ ಯೋಜನೆಯ ಪಟ್ಟಿಯಲ್ಲಿ ನಮ್ಮ ಕೆರೆ ಇರಲಿಲ್ಲ. ಕೆರೆಯ ಏರಿಯ ಮೇಲೆ ಕುಳಿತು ನಾನು ಒಂದು ಸಂಜೆ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿದ್ದ ಲೆಕ್ಕ. ಒಂದು ಟ್ರ್ಯಾಕ್ಟರ್ ಲೋಡಿಗೆ ಮೂರು ಘನ ಮೀಟರ್ ಎಂದು ಹಿಡಿದರೆ ನಾಲ್ಕು ಸಾವಿರ ಲೋಡಿನಿಂದ ನಾವು ಮಾಡಿದ್ದು 1.2 ಕೋಟಿ ಲೀಟರಿನಷ್ಟು ಜಾಗ. ಕೆರೆಗೆ ನೀರು ಇಳಿದು ಬರಬೇಕಾದ ಮೇಲ್ಭಾಗದ ಭೂಮಿ ಸುಮಾರು ಸಾವಿರ ಎಕರೆ. ಅದರ ಮೇಲೆ ಒಂದೇ ದಿನ 50 ಮಿಲಿಮೀಟರ್ ಮಳೆ ಬಿದ್ದು, ಅದರ ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಬಂದರೂ ಎರಡು ಕೋಟಿ ಲೀಟರ್ ಆಗುತ್ತದೆ. ಅಂದರೆ ನಮ್ಮ ಕೆರೆಗೆ ಕೊರತೆಯಿದ್ದದ್ದು ಜಾಗಕ್ಕಲ್ಲ. 42 ಎಕರೆಯ ಕೆರೆ ಖಾಲಿಯಾಗಿಯೇ ಬಿದ್ದಿರುವಾಗ ಅದನ್ನು ಇನ್ನಷ್ಟು ಆಳ ಮಾಡಿ ಸಾಧಿಸಿದ್ದೇನು?

ಉತ್ತರ ಹೇಳಿದವರು ಹಳೆಯ ನೀರುಗಂಟಿ ಮನೆತನದ ಒಬ್ಬ ಹಿರಿಯರು. ತೂಬು ಎತ್ತುವುದು, ಗದ್ದೆಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲಕ್ಕೆ ಮೊದಲು ಕಾಲುವೆ ಬಿಡಿಸುವುದು, ರಾತ್ರಿ ಕೋಡಿ ಕಾಯುವುದು, ಇಷ್ಟೂ ಆ ದಲಿತ ಕುಟುಂಬದ ಹೊಣೆಯಾಗಿತ್ತು. ಪ್ರತಿಯಾಗಿ ಇನಾಮು ಜಮೀನು ಮತ್ತು ಸುಗ್ಗಿಯಲ್ಲಿ ಇಷ್ಟು ಕೊಳಗ ಎಂಬ ಪಡಿ. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆಯಿಂದ ಹುಟ್ಟಿನಿಂದ ಅಂಟಿಕೊಂಡಿದ್ದ ಚಾಕರಿ ಹೋಯಿತು, ಅದು ಹೋಗಲೇಬೇಕಿತ್ತು. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುವ ಏರ್ಪಾಡನ್ನು ನಮ್ಮೂರಲ್ಲಿ ಯಾರೂ ಮಾಡಲಿಲ್ಲ. ಕೆರೆಯನ್ನು ದಿನವೂ ನೋಡುವ ಕಣ್ಣು ಅಂದಿಗೆ ಮುಚ್ಚಿತು.

“ತಾತ, ಇಷ್ಟು ತೋಡಿದರೂ ನೀರು ಯಾಕೆ ನಿಲ್ಲಲಿಲ್ಲ?” ಎಂದು ಕೇಳಿದೆ.

“ನಿಲ್ಲೋಕೆ ಮುಂಚೆ ಬರಬೇಕಲ್ಲ ಸ್ವಾಮಿ. ಮೇಲೆ ಕುಂಟೆ ಹತ್ರ ನೀರು ತಿರುಗ್ಕೊಂಡು ರಸ್ತೆ ಚರಂಡಿಗೆ ಹೋಗ್ತಾ ಐತೆ. ಕಾಲುವೆ ಎಲ್ಲೈತೆ ಅಂತ ನಿಮ್ಮ ಕಾಗದದಲ್ಲಿ ನೋಡಿ, ನನ್ನ ಕೇಳಬೇಡಿ,” ಎಂದರು.

ನನ್ನ ವೃತ್ತಿಯ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ ನಾಚಿಕೆಯಾಯಿತು. ಗ್ರಾಮ ನಕ್ಷೆ ಮತ್ತು ಟಿಪ್ಪಣಿಗಳ (ಹಳೆಯ ಅಳತೆಯ ದಾಖಲೆಗಳ) ನಕಲು ಪಡೆದು, ಒಂದೊಂದು ಸರ್ವೆ ನಂಬರಿನ ಖರಾಬನ್ನೂ, ಅಂದರೆ ಸಾಗುವಳಿಯ ಲೆಕ್ಕದಿಂದ ಹೊರಗಿಟ್ಟ ನೆಲವನ್ನೂ, ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದಿನೊಡನೆ ತಾಳೆ ನೋಡಿದೆ. ಉಳುಮೆಗೆ ಬಾರದ ಬಂಡೆ ನೆಲ ‘ಎ’ ಖರಾಬು. ದಾರಿ, ಹಳ್ಳ, ಕಾಲುವೆಯಂತಹ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬು. ಎರಡನೆಯದು ಯಾರ ಪಹಣಿಯೊಳಗೆ ಇದ್ದರೂ ಅವರ ಸ್ವತ್ತಲ್ಲ. ನಕ್ಷೆಯಲ್ಲಿ ಕೆರೆಗೆ ಮೂರು ಪೋಷಕ ಕಾಲುವೆಗಳಿದ್ದವು. ದೊಡ್ಡದರ ಅಗಲ ಎಂಟು ಆಣೆ. 33 ಅಡಿಯ ಸರಪಳಿಯಲ್ಲಿ ಹದಿನಾರು ಆಣೆ ಇರುವುದರಿಂದ ಅದು 16 ಅಡಿ 6 ಇಂಚು. ನೆಲದ ಮೇಲೆ ಅಳೆದಾಗ ಕೆಲವು ಕಡೆ ಮೂರು ಅಡಿ, ಎರಡು ಕಡೆ ಏನೂ ಇಲ್ಲ, ಒಂದು ಕಡೆ ಟೊಮ್ಯಾಟೊ ಸಾಲು. ಯಾರೂ ಒಮ್ಮೆಗೇ ನುಂಗಿದ್ದಲ್ಲ, ಪ್ರತಿವರ್ಷ ನೇಗಿಲಿನ ಒಂದೊಂದು ಸಾಲು ಒಳಗೆ ಸರಿದದ್ದು. ನೀರೇ ಹರಿಯದ ಕಾಲುವೆಯನ್ನು ಉಳುವುದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಕಾಲುವೆಯ ಗಡಿ ಗುರುತಿಸುವ ಮೊದಲ ಕಲ್ಲು ನಮ್ಮ ಚಿಕ್ಕಪ್ಪನ ಹೊಲದಲ್ಲೇ ನೆಡಬೇಕಾಗಿ ಬಂತು. ಅವರ ಹಿಡುವಳಿಯೊಳಗೆ ಕಾಲುವೆಯ ಮೂರು ಗುಂಟೆ ಸೇರಿತ್ತು. ಹೊರಗಿನವರಿಂದ ಆರಂಭಿಸಿದರೆ ನನ್ನ ಟೇಪನ್ನು ಯಾರೂ ನಂಬುತ್ತಿರಲಿಲ್ಲ. ಚಿಕ್ಕಪ್ಪ ಜಗಳವಾಡಲಿಲ್ಲ, ಮಾತನ್ನೇ ಬಿಟ್ಟರು. ನನ್ನ ಮಗಳ ನಾಮಕರಣಕ್ಕೂ ನಮ್ಮ ಮನೆಗೆ ಬರಲಿಲ್ಲ. ಎರಡನೆಯದಾಗಿ, ಊರಿನಲ್ಲಿ ಅತಿ ಹೆಚ್ಚು ಒತ್ತಿದ್ದವರ ಹೊಲಕ್ಕೆ ಹೋದೆವು. ಹದಿನಾಲ್ಕು ಗುಂಟೆ ಒಳಗೆ ಹಾಕಿಕೊಂಡಿದ್ದ ಆ ದೊಡ್ಡ ಮನೆಯವರು ತಕರಾರು ಸಲ್ಲಿಸಿದರು. ಕಡತ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಮಲಗಿತು. ಆ ಹನ್ನೊಂದು ತಿಂಗಳಲ್ಲಿ ಸಣ್ಣ ರೈತರ ಹೊಲಗಳಿಗೆ ಹೋಗುವುದು ಬೇಡ ಎಂದು ನಾವು ತೀರ್ಮಾನಿಸಿದ್ದರಿಂದ ಕೆಲಸ ನಿಂತಿತು. ಆತುರದವರು ಬೈದರು. ಆದರೆ ದೊಡ್ಡವರ ಕಲ್ಲು ಬೀಳುವ ಮೊದಲು ಬಡವರ ಬದುವನ್ನು ಕಿತ್ತಿದ್ದರೆ ಊರು ಎರಡು ಹೋಳಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಒಂದು ಕಡೆ ನಾನು ಕಾನೂನನ್ನು ಬಿಟ್ಟೆ ಎಂಬುದನ್ನೂ ಬರೆಯಬೇಕು. ಗಂಡನಿಲ್ಲದ ಹೆಂಗಸೊಬ್ಬರ ದನದ ಕೊಟ್ಟಿಗೆ ಎರಡನೆಯ ಕಾಲುವೆಯ ಮೇಲೇ ಇತ್ತು. ಎರಡು ಸೀಮೆ ಹಸುಗಳ ಹಾಲೇ ಅವರ ಸಂಸಾರದ ಆಧಾರ. ಡೈರಿಗೆ ಹಾಲು ಹಾಕಿ ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಇಬ್ಬರು ಮಕ್ಕಳ ಓದು ನಡೆಯುತ್ತಿತ್ತು. ಕೊಟ್ಟಿಗೆಯನ್ನು ಮುಟ್ಟದೆ ಅದರ ಕೆಳಗೆ ಸಿಮೆಂಟ್ ಕೊಳವೆಗಳನ್ನು ಹೂತು ಮೋರಿ ಮಾಡಿದೆವು. ಜೋರು ಮಳೆಯಲ್ಲಿ ಆ ಮೋರಿ ಸಾಲುವುದಿಲ್ಲ, ಕಸ ಕಟ್ಟಿಕೊಂಡು ನೀರು ಅವರ ಅಂಗಳಕ್ಕೇ ನುಗ್ಗುತ್ತದೆ. ಭೂಮಾಪಕನಾಗಿ ಅದು ನನ್ನ ತಪ್ಪು. ಮತ್ತೊಮ್ಮೆ ಅವಕಾಶ ಸಿಕ್ಕರೂ ಅದೇ ತಪ್ಪನ್ನು, ಇನ್ನೂ ದೊಡ್ಡ ಕೊಳವೆಯೊಡನೆ, ಮಾಡುತ್ತೇನೆ.

2020ರ ಲಾಕ್‌ಡೌನ್ ನಮ್ಮ ಕೆಲಸಕ್ಕೆ ಕೈಗಳನ್ನು ತಂದುಕೊಟ್ಟಿತು. ಬೆಂಗಳೂರಿನಿಂದ ಹುಡುಗರೆಲ್ಲ ಹಿಂದಿರುಗಿದ್ದರು, ನನ್ನ ತಮ್ಮನೂ ಸೇರಿ. ನಮ್ಮ ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇರುವುದರಿಂದ ಅದು ಸಣ್ಣ ನೀರಾವರಿ ಇಲಾಖೆಗೆ ಸೇರದೆ ಪಂಚಾಯತಿಯ ವ್ಯಾಪ್ತಿಯಲ್ಲೇ ಇತ್ತು. ಹಾಗಾಗಿ ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಗೆ ಕಾಲುವೆಗಳನ್ನು ಸೇರಿಸುವುದು ಸುಲಭವಾಯಿತು. ಆ ವರ್ಷದ ಕೂಲಿ ದಿನಕ್ಕೆ 275 ರೂಪಾಯಿ. ಯಂತ್ರ ಬಳಸುವಂತಿಲ್ಲ ಎಂಬ ನಿಯಮವನ್ನು ಮೊದಮೊದಲು ಗೊಣಗುತ್ತಾ ಒಪ್ಪಿಕೊಂಡವನು ನಾನು. ಆದರೆ ಸನಿಕೆ, ಗುದ್ದಲಿ, ಮಂಕರಿ ಹಿಡಿದವರು ಅಳತೆ ಮೀರಿ ಅಗೆಯುವುದಿಲ್ಲ. ದಾರ ಕಟ್ಟಿ ಸುಣ್ಣ ಹಾಕಿದ ಗೆರೆಯೊಳಗೇ ನಿಲ್ಲುತ್ತಾರೆ. ಕೆಲಸಕ್ಕೆ ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಕಾಲುವೆ ಎಲ್ಲೆಲ್ಲಿ ಹೋಗುತ್ತದೆ, ಯಾರ ಹೊಲದಲ್ಲಿ ಕಲ್ಲು ಇದೆ ಎಂಬುದು ಅವರಿಗೆ ಆ ಎರಡು ತಿಂಗಳಲ್ಲಿ ನಡೆದೂ ನಡೆದೂ ಬಾಯಿಪಾಠವಾಯಿತು. ನಕ್ಷೆ ಓದಲು ಬಾರದವರೇ ಇಂದು ನಮ್ಮ ಕಾಲುವೆಗಳ ನಿಜವಾದ ನಕ್ಷೆ.

ನೆಲದ ನೀರನ್ನು ಹೀರುವ ನೀಲಗಿರಿ ಮರಗಳ ವಿಷಯದಲ್ಲಿ ನಾವು ಬಹುಮಟ್ಟಿಗೆ ಸೋತೆವು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ನಿಜ. ಆದರೆ ನೀಲಗಿರಿಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೊಸದಾಗಿ ನೆಡುವ ಅಗತ್ಯವೇ ಇಲ್ಲ. ಬೊಡ್ಡೆ ಕೀಳಿಸಲು ಜೆಸಿಬಿಯ ಖರ್ಚು ಬೇರೆ. ಕೆರೆಯ ಮೇಲ್ಭಾಗದಲ್ಲಿ ನೀಲಗಿರಿ ಇಟ್ಟುಕೊಂಡವರು ಹೆಚ್ಚಿನಂಶ ಊರಿನಲ್ಲಿ ಇಲ್ಲದವರು, ಅಥವಾ ಮಕ್ಕಳೆಲ್ಲ ಪಟ್ಟಣ ಸೇರಿ ಒಂಟಿಯಾಗಿ ಉಳಿದ ವಯಸ್ಸಾದವರು. ರಾಗಿ ಬಿತ್ತಿ, ಕಳೆ ಕಿತ್ತು, ಒಕ್ಕಣೆ ಮಾಡಲು ಕೈಯಿಲ್ಲದ ಮನೆಗೆ ಏಳೆಂಟು ವರ್ಷಕ್ಕೊಮ್ಮೆ ಕಡಿದು ಮಾರುವ ಮರಕ್ಕಿಂತ ಒಳ್ಳೆಯ ಬೆಳೆಯನ್ನು ನಾನು ಯಾವ ಬಾಯಿಂದ ಸೂಚಿಸಲಿ? ನಾಲ್ಕು ಕುಟುಂಬಗಳು ಮಾವು ಹಾಕಿದವು. ಉಳಿದವರಿಗೆ ನಾವು ಕೇಳಿಕೊಂಡದ್ದು ಇಷ್ಟೇ: ಕಾಲುವೆಯ ಎರಡೂ ದಡದಲ್ಲಿ ಹತ್ತು ಮಾರು ಮಾತ್ರ ಬಿಡಿ. ಕೆಲವರು ಬಿಟ್ಟರು.

2021ರ ನವೆಂಬರ್‌ನಲ್ಲಿ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ಇಲ್ಲಿಯವರು ಮರೆಯುವುದಿಲ್ಲ. ನಮ್ಮ ಕೆರೆ ಬಹುಕಾಲದ ನಂತರ ಕೋಡಿ ಹರಿಯಿತು. ಗಂಗಮ್ಮನಿಗೆ ಪೂಜೆ, ಬಾಗಿನ, ತೆಪ್ಪೋತ್ಸವ ಎಲ್ಲವೂ ಆಯಿತು. ಬೇರೆ ಊರಿನಿಂದ ಬಂದವರು ನಮ್ಮ ಬೆನ್ನು ತಟ್ಟಿದರು. ನನಗೆ ಮಾತ್ರ ಒಳಗೆ ಅಳುಕಿತ್ತು, ಏಕೆಂದರೆ ಆ ವರ್ಷ ಯಾರೂ ಕೈ ಹಚ್ಚದ ಕೆರೆಗಳೂ ತುಂಬಿ ಹರಿದಿದ್ದವು. ನಮ್ಮ ಕೆಲಸದ ಪರೀಕ್ಷೆ ನಡೆದದ್ದು 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷ. ಕೆರೆ ತುಂಬಲಿಲ್ಲ. ಆದರೆ ಬಂದ ಎರಡು ಮೂರು ಹದ ಮಳೆಯ ನೀರು ರಸ್ತೆಯ ಚರಂಡಿಗೆ ಹೋಗದೆ ಕಾಲುವೆಯಲ್ಲೇ ಇಳಿದು, ತೂಬಿನ ಮುಂದಿನ ಮಡುವಿನಲ್ಲಿ ಮಾರ್ಚ್‌ವರೆಗೆ ದನಗಳಿಗೆ ನೀರಿತ್ತು. ಏರಿಯ ಕೆಳಗಿನ ಎರಡು ತೆರೆದ ಬಾವಿಗಳಲ್ಲಿ ಬುಡ ಕಾಣಲಿಲ್ಲ. ನಾವು ಗರಸು ಕಾಣುವಂತೆ ಕಿತ್ತ ಆ ಎರಡು ಗುಂಡಿಗಳು ಮಾತ್ರ, ಮತ್ತೆ ಜೇಡಿ ತುಂಬಿಸಿ ತುಳಿಸಿದರೂ, ಎಲ್ಲಕ್ಕಿಂತ ಮೊದಲು ಒಣಗಿದವು.

ಕುಡಿಯುವ ನೀರು ಇನ್ನೂ ಘಟಕದ್ದೇ. ಆಳದ ನೀರಿನ ಫ್ಲೋರೈಡು ನಾಲ್ಕು ಮಳೆಗಾಲಕ್ಕೆ ತೊಳೆದುಹೋಗುವಂಥದ್ದಲ್ಲ. ನನ್ನ ತಮ್ಮ ಬೆಂಗಳೂರಿನ ಕೆಲಸವನ್ನು ಬಿಟ್ಟಿಲ್ಲ. ಅರ್ಧ ಎಕರೆಗೆ ಮತ್ತೆ ಹಿಪ್ಪುನೇರಳೆ ಹಾಕಿದ್ದಾನೆ, ಹನಿ ನೀರಾವರಿಯಲ್ಲಿ, ಭಾನುವಾರ ಬಂದು ನೋಡಿಕೊಳ್ಳುತ್ತಾನೆ. ಹೊಸ ಕೊಳವೆಬಾವಿ ಕೊರೆಸುವ ಲಾರಿಗಳು ನಮ್ಮೂರಿಗೆ ಬರುವುದೂ ನಿಂತಿಲ್ಲ. ಕೆರೆಯಲ್ಲಿ ನೀರು ಕಂಡರೆ ಕೆಲವರಿಗೆ ಬಾವಿ ಕೊರೆಸುವ ಧೈರ್ಯ ಬರುತ್ತದೆ ಎಂಬುದನ್ನು ನಾನು ಮೊದಲು ಊಹಿಸಿರಲಿಲ್ಲ.

ನೀರುಗಂಟಿ ತಾತನ ಮೊಮ್ಮಗನಿಗೆ ಕೆರೆ ಸಮಿತಿಯಿಂದ ತಿಂಗಳಿಗೆ ಒಂದಿಷ್ಟು ಗೌರವಧನ ಕೊಡುವುದೆಂದು ಒಪ್ಪಿಕೊಂಡಿದ್ದೆವು, ಅಚ್ಚುಕಟ್ಟಿನ ರೈತರ ವಂತಿಗೆಯಿಂದ. ಬರದ ವರ್ಷ ವಂತಿಗೆ ಬರಲಿಲ್ಲ, ಐದು ತಿಂಗಳ ಬಾಕಿ ಇನ್ನೂ ಉಳಿದಿದೆ. ಆದರೂ ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಕಾಲುವೆಯುದ್ದಕ್ಕೂ ನಡೆಯುವವನು ಅವನೇ. ಕಳೆದ ವಾರ ಅವನು ಫೋನ್ ಮಾಡಿ, “ಅಣ್ಣಾ, ಮೂರನೇ ಕಾಲುವೇಲಿ ಎರಡು ಕಲ್ಲು ಕಾಣಿಸ್ತಿಲ್ಲ, ಉಳುಮೆ ಆಗಿದೆ,” ಎಂದ. ನಕ್ಷೆಯ ನಕಲು ತೆಗೆದಿಟ್ಟಿದ್ದೇನೆ. ಸೋಮವಾರ ಬೆಳಗ್ಗೆ, ಅಕ್ಕಪಕ್ಕದ ಹಿಡುವಳಿದಾರರನ್ನು ಕರೆದು, ಮತ್ತೆ ಅಳೆಯಬೇಕು.