ಕ್ಲಿನಿಕ್ಕಿನ ಕಾಯುವ ಕೋಣೆಯನ್ನು ಜೋಡಿಸುವ ಬಗೆ: ಫಲಕ ತೂಗುಹಾಕುವ ಮೊದಲು ಕುರ್ಚಿ ಸರಿಸಿ ನೋಡಿ

ನಮ್ಮ ಊರುಗಳ ಎಷ್ಟೋ ಖಾಸಗಿ ಕ್ಲಿನಿಕ್ಕುಗಳು ನಡೆಯುವುದು ರೋಲಿಂಗ್ ಶಟರ್ ಇರುವ ಅಂಗಡಿ ಮಳಿಗೆಗಳಲ್ಲಿ. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಳಿಗೆಯನ್ನು ಪ್ಲೈವುಡ್ ಪಾರ್ಟಿಶನ್ನಿನಿಂದ ಎರಡು ಭಾಗ ಮಾಡಿ, ಹಿಂದಿನದನ್ನು ವೈದ್ಯರಿಗೆ, ಮುಂದಿನದನ್ನು ರೋಗಿಗಳಿಗೆ ಬಿಟ್ಟಿರುತ್ತಾರೆ. ಮುಂದಿನ ಭಾಗದ ಗೋಡೆಯಲ್ಲಿ ‘ಬಾಗಿಲಲ್ಲಿ ನಿಲ್ಲಬೇಡಿ’, ‘ಕರೆದಾಗ ಮಾತ್ರ ಒಳಗೆ ಬನ್ನಿ’, ‘ನಿಶ್ಶಬ್ದವಾಗಿರಿ’, ‘ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕಗಳು ಒಂದರ ಪಕ್ಕ ಒಂದು ತೂಗುತ್ತಿರುತ್ತವೆ. ಅವುಗಳ ಕೆಳಗೇ ಜನ ಬಾಗಿಲಿಗೆ ಅಂಟಿಕೊಂಡು ನಿಂತಿರುತ್ತಾರೆ. ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಅದೇ ಜನ ಮದುವೆ ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು, ಬಡಿಸುವವರು ತಮ್ಮವರೆಗೆ ಬರಲೆಂದು ತಾಳ್ಮೆಯಿಂದ ಕಾಯುತ್ತಾರೆ, ಏಕೆಂದರೆ ಬಡಿಸುತ್ತಿರುವುದು ಎಲ್ಲಿಯವರೆಗೆ ಬಂದಿದೆ ಎಂಬುದು ಅವರ ಕಣ್ಣಿಗೆ ಕಾಣುತ್ತಿರುತ್ತದೆ. ಕ್ಲಿನಿಕ್ಕಿನಲ್ಲಿ ಹಾಗೆ ಕಾಣುವುದಿಲ್ಲ. ಕೋಣೆ ಮಾಡಬೇಕಾದ ಕೆಲಸವನ್ನು ಅಕ್ಷರಗಳಿಗೆ ಒಪ್ಪಿಸಿದಾಗ ಫಲಕಗಳು ಹೆಚ್ಚುತ್ತವೆ ಎಂಬುದು ನನ್ನ ಅಭಿಪ್ರಾಯ. ಸಣ್ಣ ಕ್ಲಿನಿಕ್ ನಡೆಸುವವರು ಹೆಚ್ಚಿನ ಖರ್ಚಿಲ್ಲದೆ ಆ ಕೆಲಸವನ್ನು ಕೋಣೆಗೇ ಹಿಂದಿರುಗಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಏನನ್ನೂ ಬದಲಾಯಿಸದೆ, ಜನಸಂದಣಿ ಹೆಚ್ಚಿರುವ ಒಂದು ಸಂಜೆ ಕೋಣೆಯ ಮೂಲೆಯಲ್ಲಿ ಕುಳಿತು ನೋಡಬೇಕು. ಒಂದು ಹಾಳೆಯ ಮೇಲೆ ಗೋಡೆ, ಬಾಗಿಲು, ಕುರ್ಚಿ, ಮೇಜುಗಳ ಒರಟು ನಕ್ಷೆ ಬರೆದುಕೊಂಡು, ಹತ್ತು ನಿಮಿಷಕ್ಕೊಮ್ಮೆ ಯಾರು ಎಲ್ಲಿ ಕುಳಿತಿದ್ದಾರೆ, ಎಲ್ಲಿ ನಿಂತಿದ್ದಾರೆ ಎಂಬುದಕ್ಕೆ ಚುಕ್ಕಿ ಇಡಿ. ಜನ ನಿಂತಿರುವಾಗಲೂ ಖಾಲಿಯೇ ಉಳಿಯುವ ಕುರ್ಚಿ ಯಾವುದು ಎಂಬುದನ್ನು ವಿಶೇಷವಾಗಿ ಗುರುತಿಸಿಕೊಳ್ಳಿ. ಜನರಿಲ್ಲದ ಹೊತ್ತಿನಲ್ಲೂ ಕೋಣೆ ಸಾಕಷ್ಟು ಹೇಳುತ್ತದೆ. ಕುರ್ಚಿಗಳ ಹಿಂದಿನ ಗೋಡೆಯಲ್ಲಿ ತಲೆಯೆಣ್ಣೆಯ ಕಲೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಜನ ಒರಗಿ, ಬಹಳ ಹೊತ್ತು ಕಾಯುತ್ತಾರೆ. ಎಲ್ಲಿ ಸುಣ್ಣ ಹೊಸದಾಗಿಯೇ ಉಳಿದಿದೆಯೋ ಅಲ್ಲಿನ ಕುರ್ಚಿಯನ್ನು ಯಾರೂ ಇಷ್ಟಪಡುತ್ತಿಲ್ಲ. ವೈದ್ಯರ ಬಾಗಿಲಿನ ಚೌಕಟ್ಟಿನಲ್ಲಿ ಭುಜದ ಎತ್ತರಕ್ಕೆ ಬಣ್ಣ ಸವೆದು ಮರ ನುಣುಪಾಗಿದ್ದರೆ, ಅಲ್ಲಿ ವರ್ಷಗಟ್ಟಲೆ ಜನ ಆನಿಕೊಂಡು ನಿಂತಿದ್ದಾರೆ ಎಂದರ್ಥ. ದಿನವೂ ನೆಲ ಒರೆಸುವವರನ್ನು ಕೇಳಿದರೆ ಇವೆಲ್ಲವನ್ನೂ ಅವರು ನಕ್ಷೆಯಿಲ್ಲದೆಯೇ ಹೇಳಬಲ್ಲರು.

ಬಾಗಿಲ ಮುಂದಿನ ಗುಂಪನ್ನು ಮೊದಲು ಸರಿಪಡಿಸಿಕೊಳ್ಳಬೇಕು, ಏಕೆಂದರೆ ಉಳಿದ ತೊಂದರೆಗಳಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟುತ್ತವೆ. ತನ್ನ ಸರದಿ ಯಾವಾಗ ಎಂಬುದು ತಿಳಿಯದ ಮನುಷ್ಯ ಬಾಗಿಲಿನ ಹತ್ತಿರಕ್ಕೆ ಸರಿಯುತ್ತಾನೆ. ಒಬ್ಬರು ಎದ್ದು ನಿಂತರೆ ಕುಳಿತವರಿಗೆ ಬಾಗಿಲು ಮರೆಯಾಗುತ್ತದೆ, ಆಗ ಅವರೂ ಏಳುತ್ತಾರೆ. ಕಾಂಪೌಂಡರ್ ಹೆಸರು ಕೂಗುವ ಪದ್ಧತಿಯಿದ್ದರೆ ಕಿವಿ ಮಂದವಾದ ಹಿರಿಯರು ಕುಳಿತುಕೊಳ್ಳುವ ಧೈರ್ಯವನ್ನೇ ಮಾಡುವುದಿಲ್ಲ. ಇದಕ್ಕೆ ವಿದ್ಯುತ್ ಟೋಕನ್ ಯಂತ್ರವೇ ಬೇಕೆಂದಿಲ್ಲ. ಒಳಗಿರುವವರ ಸರದಿ ಸಂಖ್ಯೆಯನ್ನು ಅಂಗೈ ಅಗಲದ ಅಂಕಿಗಳಲ್ಲಿ ಬರೆದ ಒಂದು ಸ್ಲೇಟು, ಎಲ್ಲ ಕುರ್ಚಿಗಳಿಂದಲೂ ಕಾಣುವಂತೆ ನಿಂತವರ ತಲೆಗಿಂತ ಮೇಲೆ ಇದ್ದರೆ ಸಾಕು. ಅದರ ಜೊತೆಗೆ ಬಾಗಿಲಿನ ಪಕ್ಕದಲ್ಲಿ, ಉಳಿದವುಗಳಿಂದ ಸ್ವಲ್ಪ ಬಿಡಿಯಾಗಿ, ಬೇರೆ ಬಣ್ಣದ ಎರಡು ಕುರ್ಚಿಗಳನ್ನು ಇಟ್ಟು, ಮುಂದಿನ ಸರದಿಯವರನ್ನೂ ಅವರ ಜೊತೆಗೆ ಬಂದವರನ್ನೂ ಅಲ್ಲಿ ಕೂರಿಸಬೇಕು. ಆ ಕುರ್ಚಿಗಳಲ್ಲಿ ಯಾರಾದರೂ ಕುಳಿತಿರುವಾಗ ಬಾಗಿಲ ಬಳಿ ಹೋಗಿ ನಿಲ್ಲುವುದು ಅವರ ಸರದಿಗೆ ಕೈ ಹಾಕಿದಂತೆ ಕಾಣುತ್ತದೆ, ಆದ್ದರಿಂದ ಹೆಚ್ಚಿನವರು ತಾವಾಗಿಯೇ ಹಿಂಜರಿಯುತ್ತಾರೆ.

ಬಾಗಿಲನ್ನೂ ಒಮ್ಮೆ ಪರೀಕ್ಷಿಸಬೇಕು. ಅದು ತೆರೆದಾಗ ಒಳಗಿನ ಪರೀಕ್ಷೆಯ ಮಂಚ ಹೊರಗಿನ ಕುರ್ಚಿಗಳಿಗೆ ನೇರವಾಗಿ ಕಾಣುತ್ತಿದ್ದರೆ, ಕೀಲುಗಳನ್ನು ಚೌಕಟ್ಟಿನ ಇನ್ನೊಂದು ಬದಿಗೆ ಹಾಕಿಸಿ, ಒಳಕ್ಕೆ ತೆರೆಯುವ ಕದವೇ ಮಂಚಕ್ಕೆ ಮರೆಯಾಗುವಂತೆ ಮಾಡಬೇಕು. ಬಡಗಿಗೆ ಇದು ಅರ್ಧ ದಿನದ ಕೆಲಸ. ಮಂಚದ ಮೇಲೆ ಮಲಗಿರುವ ಹೆಣ್ಣುಮಗಳಿಗೆ ಬಾಗಿಲು ಯಾವಾಗ ತೆರೆದೀತೋ ಎಂಬ ಆತಂಕ ಇರುವಷ್ಟು ಹೊತ್ತೂ ಆಕೆ ತನ್ನ ನೋವನ್ನು ಪೂರ್ತಿಯಾಗಿ ಹೇಳಲಾರಳು.

ಇನ್ನು ಕುರ್ಚಿಗಳ ವಿಷಯ. ಮಾನಸಿಕ ಆಸ್ಪತ್ರೆಗಳ ಕೋಣೆಗಳನ್ನು ನೋಡಿದ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು 1950ರ ದಶಕದಲ್ಲಿ, ಕೆಲವು ಸ್ಥಳಗಳು ಜನರನ್ನು ಒಬ್ಬರ ಕಡೆಗೊಬ್ಬರನ್ನು ಎಳೆಯುತ್ತವೆ, ಕೆಲವು ದೂರ ತಳ್ಳುತ್ತವೆ ಎಂದು ವಿಂಗಡಿಸಿದ್ದರು. ಅವರು ಮೇಲ್ವಿಚಾರಕರಾಗಿದ್ದ ಕೆನಡಾದ ವೇಬರ್ನ್ ಊರಿನ ಆಸ್ಪತ್ರೆಯಲ್ಲಿ ಮನೋವಿಜ್ಞಾನಿ ರಾಬರ್ಟ್ ಸಾಮರ್ ಅದನ್ನು ಪರೀಕ್ಷಿಸಿ ನೋಡಿದರು. ವೃದ್ಧೆಯರ ವಾರ್ಡಿನಲ್ಲಿ ಹೊಸ ಪೀಠೋಪಕರಣ ತಂದು, ಬಣ್ಣ ಬಳಿದು ಚೆಂದ ಮಾಡಿದ್ದರೂ ಅಲ್ಲಿದ್ದವರು ಪರಸ್ಪರ ಮಾತನಾಡುತ್ತಿರಲಿಲ್ಲ. ಕುರ್ಚಿಗಳೆಲ್ಲ ಗೋಡೆಗೆ ಸಾಲಾಗಿ ಒರಗಿದ್ದವು. ಅವುಗಳನ್ನು ಸಣ್ಣ ಮೇಜುಗಳ ಸುತ್ತ ಜೋಡಿಸಿದ ಕೆಲವು ವಾರಗಳಲ್ಲಿ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಈ ಅಧ್ಯಯನ 1958ರಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸಿದ ಸಂಗತಿ ಬೇರೆ: ಆರಂಭದ ದಿನಗಳಲ್ಲಿ ಕುರ್ಚಿಗಳು ಮತ್ತೆ ಮತ್ತೆ ಗೋಡೆಯ ಸಾಲಿಗೇ ಮರಳುತ್ತಿದ್ದವು. ನಿಮ್ಮಲ್ಲಿಯೂ ಹಾಗೆಯೇ ಆಗುತ್ತದೆ. ಕಸ ಗುಡಿಸುವುದಕ್ಕೆ ಗೋಡೆಯ ಸಾಲೇ ಅನುಕೂಲವಾದ್ದರಿಂದ, ಕೆಲಸದವರಿಗೆ ಕಾರಣವನ್ನು ತಿಳಿಸಿ ಹೇಳದಿದ್ದರೆ ಹೊಸ ಜೋಡಣೆ ವಾರವೂ ಉಳಿಯುವುದಿಲ್ಲ.

ಆದರೆ ಕ್ಲಿನಿಕ್ಕಿಗೆ ಬಂದವರೆಲ್ಲರೂ ಮಾತನಾಡಲೇಬೇಕು ಎಂದೇನೂ ಇಲ್ಲ. ಹಳ್ಳಿಯಿಂದ ಬರುವವರ ಜೊತೆಗೆ ಮನೆಯವರು ಇಬ್ಬರಾದರೂ ಇರುತ್ತಾರೆ. ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ, ಮೂಲೆಯಲ್ಲಿ ಎರಡು ಸಾಲುಗಳು ಕೂಡುವ ಹಾಗೆ ಕುರ್ಚಿ ಇರಬೇಕು. ಒಬ್ಬರೇ ಬಂದವರಿಗೆ ಗೋಡೆಗೆ ಬೆನ್ನು ಕೊಟ್ಟ ಬಿಡಿ ಕುರ್ಚಿಗಳು ಹಿತ. ಅಪರಿಚಿತರನ್ನು ಎದುರುಬದುರಾಗಿ ಕೂರಿಸುವುದು ಮಾತ್ರ ಕಷ್ಟದ ಕೆಲಸ. ಮನುಷ್ಯರ ನಡುವಿನ ಅಂತರವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ನೀಡಿದ ಲೆಕ್ಕದಂತೆ, ಒಂದೂವರೆ ಅಡಿಯೊಳಗಿನದು ಆಪ್ತರ ವಲಯ, ನಾಲ್ಕು ಅಡಿಯವರೆಗಿನದು ಸ್ನೇಹಿತರದು, ನಾಲ್ಕರಿಂದ ಹನ್ನೆರಡು ಅಡಿಯವರೆಗಿನದು ವ್ಯವಹಾರದ್ದು. ಈ ಅಳತೆಗಳು ಅಮೆರಿಕದ ಮಧ್ಯಮವರ್ಗದವರನ್ನು ನೋಡಿ ಮಾಡಿದವು, ಬೇರೆ ಸಮಾಜಗಳಿಗೆ ಹಾಗೆಯೇ ಅನ್ವಯಿಸುವುದಿಲ್ಲ ಎಂದು ಅವರೇ ಒಪ್ಪಿದ್ದರು. ನಮ್ಮ ಬಸ್ಸುಗಳನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹತ್ತು ಅಡಿ ಅಗಲದ ಮಳಿಗೆಯಲ್ಲಿ ಎರಡೂ ಗೋಡೆಗಳಿಗೆ ಕುರ್ಚಿ ಹಾಕಿದರೆ, ಕಾಲು ಚಾಚಿದ ಮೇಲೆ ನಡುವೆ ಉಳಿಯುವುದು ನಾಲ್ಕೈದು ಅಡಿ. ಎದುರಿನವರ ಕಣ್ಣು ತಪ್ಪಿಸಲೆಂದೇ ಜನ ಮೊಬೈಲಿಗೆ ತಲೆ ತಗ್ಗಿಸುತ್ತಾರೆ. ಒಂದು ಗೋಡೆಗೆ ಮಾತ್ರ ಉದ್ದ ಸಾಲು ಹಾಕಿ, ಎದುರು ಗೋಡೆಯನ್ನು ಸ್ಲೇಟಿಗೂ ಕಾಂಪೌಂಡರ್ ಮೇಜಿಗೂ ಬಿಡುವುದು ವಾಸಿ. ಎರಡು ಕುರ್ಚಿ ಕಡಿಮೆಯಾದರೂ ಚಿಂತೆಯಿಲ್ಲ.

ಕುರ್ಚಿಯ ಎತ್ತರಕ್ಕೆ ಗಮನ ಕೊಡುವವರು ಕಡಿಮೆ. ನೋಡಲು ಚೆಂದವೆಂದು ತಂದ ತಗ್ಗಿನ ಸೋಫಾದಲ್ಲಿ ಮಂಡಿನೋವಿನವರು ಕುಳಿತರೆ, ಏಳುವುದಕ್ಕೆ ಇನ್ನೊಬ್ಬರ ಕೈ ಬೇಕಾಗುತ್ತದೆ. ಒಮ್ಮೆ ಹಾಗಾದವರು ಮುಂದಿನ ಸಲ ನಿಂತೇ ಕಾಯುತ್ತಾರೆ. ನೆಲದಿಂದ ಹದಿನೆಂಟು ಇಂಚು ಎತ್ತರದ, ಎರಡೂ ಕಡೆ ಕೈಯಿರುವ, ಗಟ್ಟಿ ಆಸನದ ಕುರ್ಚಿಗಳು ನಾಲ್ಕಾದರೂ ಇರಲಿ.

ಮಾತು ಹೊರಗೆ ಕೇಳಿಸುವುದು ಇಂಥ ಮಳಿಗೆಗಳ ದೊಡ್ಡ ದೋಷ. ಹಣ ಉಳಿಸಲೆಂದು ಪಾರ್ಟಿಶನ್ನನ್ನು ಏಳು ಅಡಿಗೆ ನಿಲ್ಲಿಸಿ ಮೇಲ್ಗಡೆ ತೆರೆದೇ ಬಿಟ್ಟಿದ್ದರೆ, ಹಲಗೆ ಎಷ್ಟು ದಪ್ಪವಿದ್ದರೂ ಧ್ವನಿ ಅದರ ಮೇಲಿನಿಂದ ಹಾದು, ಚಾವಣಿಗೆ ತಾಗಿ ಹೊರಕ್ಕೆ ಬೀಳುತ್ತದೆ. ಒಳಗಿನವರ ಸಕ್ಕರೆ ಕಾಯಿಲೆ, ಮೂಲವ್ಯಾಧಿ, ಮುಟ್ಟಿನ ತೊಂದರೆ ಎಲ್ಲವೂ ಹೊರಗಿನವರ ಕಿವಿಗೆ ಬೀಳುತ್ತವೆ. ಅದನ್ನು ಕೇಳಿಸಿಕೊಂಡು ಕುಳಿತವರು ತಮ್ಮ ಸರದಿ ಬಂದಾಗ ಧ್ವನಿ ತಗ್ಗಿಸುತ್ತಾರೆ, ಇಲ್ಲವೇ ಸುಮ್ಮನೆ ‘ಸುಸ್ತು’ ಎಂದು ಹೇಳಿ ಬರುತ್ತಾರೆ. ರೋಗಿಗೆ ಅರ್ಧಂಬರ್ಧ ಕೇಳಿಸುವ ಪಿಸುಮಾತು ಕ್ರೂರವಾದದ್ದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಎಚ್ಚರಿಸಿದ್ದರು. ಪಾರ್ಟಿಶನ್ನನ್ನು ಚಾವಣಿಯವರೆಗೆ ಏರಿಸಿ, ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಬೇಕು. ಹಾಗೆ ಮುಚ್ಚಿದ ಮೇಲೆ ವೈದ್ಯರ ಕೋಣೆಗೆ ತನ್ನದೇ ಆದ ಗಾಳಿಯ ದಾರಿ ಇರಲೇಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕಾಂಪೌಂಡರ್ ಮೇಜಿಗೂ ಹತ್ತಿರದ ಕುರ್ಚಿಗೂ ಕನಿಷ್ಠ ನಾಲ್ಕು ಅಡಿ ಅಂತರವಿರಲಿ. ಅಲ್ಲಿ ಹೆಸರು, ವಯಸ್ಸು ಮಾತ್ರ ಕೇಳಲಿ, ‘ಏನಾಗಿದೆ?’ ಎಂಬ ಪ್ರಶ್ನೆ ಒಳಗಿನದ್ದು.

ಗಾಳಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ, ಏಕೆಂದರೆ ಕ್ಷಯ ಗಾಳಿಯಲ್ಲಿ ಹರಡುವ ರೋಗ, ಮತ್ತು ಕೆಮ್ಮುವವರೂ ಕೂಸುಗಳೂ ಒಂದೇ ಕೋಣೆಯಲ್ಲಿ ಕಾಯುತ್ತಾರೆ. ಪೆರುವಿನ ಲಿಮಾ ನಗರದ 8 ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಿಟಕಿ ಬಾಗಿಲುಗಳನ್ನು ತೆರೆದಿಟ್ಟಾಗ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಒದಗಿಸುವ ಕೋಣೆಗಳಿಗೆ ಶಿಫಾರಸು ಮಾಡುವ ಪ್ರಮಾಣ 12. ಎತ್ತರದ ಚಾವಣಿ, ದೊಡ್ಡ ಕಿಟಕಿಗಳಿದ್ದ ಹಳೆಯ ಕಟ್ಟಡಗಳು ಹೊಸವುಗಳಿಗಿಂತ ಮೇಲಾಗಿದ್ದವು. ಮಳಿಗೆಗೆ ಇರುವುದು ಮುಂದಿನ ಶಟರ್ ಒಂದೇ ಆದ್ದರಿಂದ, ಹಿಂದಿನ ಗೋಡೆಯ ಎತ್ತರದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕಾಯುವ ಭಾಗದ ಗಾಳಿಯೂ ಒಂದು ಕೊಳವೆಯ ಮೂಲಕ ಅತ್ತಲೇ ಹೊರಹೋಗುವಂತೆ ಮಾಡಬೇಕು. ಆ ಗಾಳಿ ವೈದ್ಯರ ಮೂಗಿನ ಮುಂದೆ ಹಾದುಹೋಗಬಾರದು. ಸಾಮಾನ್ಯ ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ, ಹೊರಗಿನಿಂದ ತರುವುದಿಲ್ಲ. ಗಾಜಿನ ಬಾಗಿಲು ಹಾಕಿ ಏಸಿ ಹಚ್ಚಿದ ಕ್ಲಿನಿಕ್ ಜನರ ಕಣ್ಣಿಗೆ ದೊಡ್ಡದಾಗಿ ಕಾಣಬಹುದು. ಕೆಮ್ಮುವವರ ಪಕ್ಕ ಅರ್ಧ ಗಂಟೆ ಕೂರಬೇಕಾದಾಗ ನಾನಂತೂ ಶಟರಿನ ಬಳಿಯ ಕುರ್ಚಿಯನ್ನೇ ಹುಡುಕುತ್ತೇನೆ.

ಹೊರಗಿನ ನೋಟಕ್ಕೂ ಬೆಲೆಯಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಹೋಲಿಸಿ ನೋಡಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು (ಸರಾಸರಿ 7.96 ದಿನ, ಗೋಡೆ ಕಾಣುತ್ತಿದ್ದವರದು 8.70), ತೀವ್ರವಾದ ನೋವುನಿವಾರಕಗಳನ್ನೂ ಕಡಿಮೆ ಪಡೆದಿದ್ದರು. ಇದು ಒಂದೇ ಆಸ್ಪತ್ರೆಯ 46 ಜನರ ಲೆಕ್ಕ ಎಂಬುದನ್ನು ಒಳಾಂಗಣ ವಿನ್ಯಾಸಕಾರರು ಹೇಳದೆ ಬಿಡುವುದುಂಟು. ಗೋಡೆಗೆ ಜಲಪಾತದ ವಾಲ್‌ಪೇಪರ್ ಅಂಟಿಸಿದರೆ ಕಾಯಿಲೆ ಬೇಗ ವಾಸಿಯಾಗುತ್ತದೆ ಎಂದು ಅದರಿಂದ ಹೇಳಲಾಗದು. ಎದುರಿಗೆ ಒಂದು ಹೊಂಗೆ ಮರವಿದ್ದರೆ ಕುರ್ಚಿಯನ್ನು ಅತ್ತ ತಿರುಗಿಸಲು ಮಾತ್ರ ಖರ್ಚೇನೂ ಇಲ್ಲ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ಕಾಯುವ ಭಾಗಕ್ಕೆ ಹಳದಿ ಛಾಯೆಯ ಮೃದು ದೀಪ ಒಪ್ಪುತ್ತದೆ, ಆದರೆ ಅದನ್ನೇ ವೈದ್ಯರ ಕೋಣೆಗೂ ಹಾಕಬಾರದು. ಹಳದಿ ಬೆಳಕಿನಲ್ಲಿ ಕಾಮಾಲೆಯ ಕಣ್ಣು ಗುರುತಿಗೆ ಸಿಗದೆ ಹೋಗಬಹುದು. ಹಸಿರು ಗೋಡೆ, ಹಸಿರು ಪರದೆಗಳಿಂದ ಪ್ರತಿಫಲಿಸಿದ ಬೆಳಕು ಚರ್ಮದ ಬಣ್ಣವನ್ನು ಕೆಡಿಸುತ್ತದೆ. ಅಲ್ಲಿಗೆ ಬಿಳಿ ಗೋಡೆ, ಹಗಲಿನ ಬೆಳಕನ್ನು ಹೋಲುವ ಬಿಳಿ ದೀಪವೇ ಸರಿ.

ಮಳಿಗೆಯ ಮುಂದೆ ಚರಂಡಿಯ ಚಪ್ಪಡಿ, ಅದರ ಮೇಲೆ ಒಂದು ಮೆಟ್ಟಿಲು ಇರುವುದು ಸಾಮಾನ್ಯ. ಆರು ಇಂಚಿನ ಮೆಟ್ಟಿಲಿಗೆ ಹನ್ನೆರಡಕ್ಕೆ ಒಂದರ ಇಳಿಜಾರಿನಂತೆ ಆರು ಅಡಿ ಉದ್ದದ ರ‍್ಯಾಂಪ್ ಬೇಕು, ಬಾಗಿಲು 90 ಸೆಂಟಿಮೀಟರ್ ಅಗಲ ತೆರೆಯಬೇಕು. ಚಪ್ಪಲಿ ಬಿಡಿಸಲೇಬೇಕೆಂದಿದ್ದರೆ ಅದರ ಗೂಡು ಕುಳಿತವರಿಗೆ ಕಾಣುವಲ್ಲಿ ಇರಲಿ. ಕಳುವಿನ ಭಯವಿದ್ದವರು ಚಪ್ಪಲಿಯನ್ನು ಬಾಗಿಲಲ್ಲಿಯೇ ಬಿಟ್ಟು ಅದರ ಕಾವಲಿಗೆ ತಾವೂ ಬಾಗಿಲಲ್ಲಿಯೇ ನಿಲ್ಲುತ್ತಾರೆ. ಟಿವಿ ಬೇಕಿದ್ದರೆ ಧ್ವನಿಯಿಲ್ಲದೆ ಇರಲಿ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ. ಮೊದಲ ವಾರ ಸ್ಲೇಟು, ಮುಂದಿನ ವಾರ ಕುರ್ಚಿ, ಆಮೇಲೆ ಬಾಗಿಲು ಎಂಬ ಕ್ರಮದಲ್ಲಿ ಮಾಡಿ, ಪ್ರತಿ ಸಲವೂ ಅದೇ ನಕ್ಷೆಯ ಹೊಸ ಪ್ರತಿಯಲ್ಲಿ ಚುಕ್ಕಿ ಇಟ್ಟು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಸ್ಲೇಟು ಸರಿಯಾದ ಜಾಗದಲ್ಲಿದ್ದೂ ಗುಂಪು ಕರಗದಿದ್ದರೆ, ಸಂಖ್ಯೆ ತಪ್ಪಿಸಿ ಪರಿಚಯದವರನ್ನು ಒಳಗೆ ಬಿಡಲಾಗುತ್ತಿದೆಯೇ ಎಂದು ವಿಚಾರಿಸಿ. ಆ ರೋಗಕ್ಕೆ ಪೀಠೋಪಕರಣದಲ್ಲಿ ಮದ್ದಿಲ್ಲ. ಉಕ್ಕಿನ ಮೂರಾಸನದ ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿಸುವ ಆತುರ ಬೇಡ. ಸೋಮವಾರದ ಒಂದು ಸಂಜೆಯನ್ನೂ, ಎಲ್ಲರೂ ಒದ್ದೆ ಕೊಡೆ ಹಿಡಿದು ಒಳನುಗ್ಗುವ ಮಳೆಗಾಲದ ಒಂದು ಸಂಜೆಯನ್ನೂ ಹೊಸ ಜೋಡಣೆ ತಾಳಿಕೊಂಡದ್ದನ್ನು ನೋಡಿದ ಮೇಲೆ ಕೆಲಸದವರನ್ನು ಕರೆಸಿದರೆ ಸಾಕು.