ಇಳಿಜಾರು ಸ್ಲ್ಯಾಬಿನ ಅಂಚಿಗೆ ಪೈಪ್ ಬೇಲಿ: ನನ್ನ ಅನುಭವ

"ಕೆಲಸದವರು ಬೀಳದ ಹಾಗೆ ಸೇಫ್ಟಿ ಬೆಲ್ಟ್ ಕೊಟ್ಟಿದ್ದೀರಲ್ಲ ಸಾರ್, ಅಂಚಿಗೆ ಬೇಲಿ ಯಾಕೆ?" ಮೇಸ್ತ್ರಿ ಕೇಳಿದ್ದು ಇದನ್ನೇ, ಮನೆ ಓನರ್ ಕೇಳಿದ್ದೂ ಇದನ್ನೇ. ಕನಕಪುರ ರಸ್ತೆ ಕಡೆಯ ವಿಲ್ಲಾ, ಹೆಂಚು ಹೊದಿಸುವ ಸ್ಲ್ಯಾಬ್, ಇಳಿಜಾರು 35 ಡಿಗ್ರಿ ಹತ್ತಿರ. ಬೆಲ್ಟ್ ಇತ್ತು ನಿಜ. ಕೊಕ್ಕೆ ಸಿಕ್ಕಿಸೋಕೆ ಜಾಗ ಬೇಕಲ್ವಾ? ಸಿಕ್ಕಿಸಿದರೂ ಹೆಂಚು ತರೋಕೆ ಹೊರಟಾಗ ಬಿಚ್ಚಿಬಿಡುತ್ತಾರೆ.

ಹಿಂದಿನ ಸೈಟುಗಳಲ್ಲಿ ನೀಲಗಿರಿ ಕಂಬ ಕಟ್ಟಿ ನೋಡಿದ್ದೆವು. ಒಂದು ಮಳೆಗೆ ಹಗ್ಗ ಸಡಿಲ. ಆಮೇಲೆ ಕಂಬದ ಬುಡಕ್ಕೆ ಬೇಸ್ ಪ್ಲೇಟ್ ಇಟ್ಟು ಸ್ಲ್ಯಾಬಿಗೆ ಆಂಕರ್ ಬೋಲ್ಟ್ ಹೊಡೆಸಿದೆವು. ಅಂಚಿಗೆ ಅಷ್ಟು ಹತ್ತಿರ ಕಾಂಕ್ರೀಟ್ ಹಿಡಿಯುತ್ತಾ? ಹುಡುಗನೊಬ್ಬ ಜೋರಾಗಿ ಜಗ್ಗಿದ್ದಕ್ಕೆ ಚಕ್ಕೆ ಸಮೇತ ಬೋಲ್ಟ್ ಕಿತ್ತು ಬಂತು. ಹತ್ತು ಹನ್ನೆರಡು ಸಾವಿರ ನೀರಿಗೆ.

ಈ ಸಲ ಸೆಂಟ್ರಿಂಗ್ ಹಂತದಲ್ಲೇ ಕೈ ಹಾಕಿದೆ. 50 ಮಿ.ಮೀ. ಕಬ್ಬಿಣದ ಪೈಪನ್ನು ಒಂದೊಂದು ಅಡಿ ತುಂಡು ಮಾಡಿ, ತಳ ಮುಚ್ಚಿ, ಅಂಚಿನ ಬೀಮಿನ ಕಂಬಿಗೆ ನೆಟ್ಟಗೆ ಕಟ್ಟಿಸಿದೆ. ಎಂಟು ಅಡಿಗೆ ಒಂದು. ಕ್ಯೂರಿಂಗ್ ಆದಮೇಲೆ ಅದರೊಳಗೆ 40 ಮಿ.ಮೀ. ಬಿ ಕ್ಲಾಸ್ (ಮಧ್ಯಮ ದಪ್ಪದ) ಪೈಪ್ ಇಳಿಸಿದರೆ ಕಂಬ ರೆಡಿ. ವೈಬ್ರೇಟರ್ ಓಡುವಾಗ ತುಂಡು ವಾಲದ ಹಾಗೆ ಹಿಡಿಯೋಕೆ ಒಂದು ಉಪಾಯ ಇದೆ, ಅದು ನನ್ನ ಹತ್ರಾನೇ ಇರಲಿ. ಎರಡು ಪೈಪಿನ ನಡುವಿನ ಸಡಿಲಕ್ಕೆ ಬೆಣೆ ಹೊಡೆದರೆ ಸಾಕು.

ಮೇಲಿನ ಅಡ್ಡಪೈಪ್ ಮೂರೂವರೆ ಅಡಿಗೆ, ನಡುವೆ ಇನ್ನೊಂದು. ಮೇಸ್ತ್ರಿ ಮುಂದೆಯೇ ಎಂ-ಸ್ಯಾಂಡ್ ತುಂಬಿದ ಸಿಮೆಂಟ್ ಚೀಲವನ್ನು ಸ್ಲ್ಯಾಬಿನ ನೆತ್ತಿಯಿಂದ ಜಾರಿಸಿದೆ. ಕಂಬ ಅಲ್ಲಾಡಲಿಲ್ಲ, ಆದರೆ ಚೀಲ ಪೈಪಿನಡಿ ನುಸುಳಿ ಹೊರಗಿನ ಸಾರ್ವೆ ಮೇಲೆ ಬಿತ್ತು. ಜಾರುವ ಮನುಷ್ಯ ಮಲಗಿಕೊಂಡೇ ಬರುತ್ತಾನೆ, ಎದ್ದು ನಿಂತಲ್ಲ. ಯುರೋಪಿನಲ್ಲಿ ತಾತ್ಕಾಲಿಕ ಅಂಚು ಬೇಲಿಗಳಿಗಿರುವ ಮಾನದಂಡ ಇಎನ್ 13374, ಇಂಥ ಇಳಿಜಾರಿಗೆ ಸಿ ವರ್ಗ ಅನ್ನುತ್ತದೆ: 100 ಮಿ.ಮೀ. ಚೆಂಡೂ ತೂರುವಂತಿಲ್ಲ. ಹಸಿರು ಶೇಡ್ ನೆಟ್ ಕಟ್ಟಿ ನೋಡಿದೆ, ಸುಮ್ನೆ ದುಡ್ಡು ದಂಡ, ಚೀಲ ಬಡಿದ ಕೂಡಲೇ ಹರಿಯಿತು. ಕೊನೆಗೆ ಚೈನ್ ಲಿಂಕ್ ಜಾಲರಿಯನ್ನು ಸ್ಲ್ಯಾಬಿಗೆ ತಾಗಿಸಿ ಮೇಲಿನ ಪೈಪಿನವರೆಗೂ ಬಿಗಿದೆ. ಮತ್ತೆ ಚೀಲ ಬಿಟ್ಟರೆ ಜಾಲರಿ ಹೊಟ್ಟೆ ಬಿಟ್ಟಿತೇ ಹೊರತು ಹರಿಯಲಿಲ್ಲ. ಮೇಸ್ತ್ರಿ ಮಾತಾಡಲಿಲ್ಲ!

ನೂರಿಪ್ಪತ್ತು ಅಡಿ ಅಂಚಿಗೆ ಖರ್ಚು ನಲವತ್ತೈದು ಸಾವಿರ ಆಸುಪಾಸು, ಜಾಸ್ತಿ ಪೈಪಿಗೇ. ಮುಂದಿನ ಮನೆಗೆ ಅದೇ ಪೈಪ್, ಅದೇ ಜಾಲರಿ. ಹೊಸದಾಗಿ ಹೋಗಿದ್ದು ತುಂಡು ಮತ್ತು ಕೂಲಿ ಮಾತ್ರ, ಏಳೆಂಟು ಸಾವಿರ.

ಕಂಬ ನಿಂತಿರುವ ಅಂಚಿನ ಹೆಂಚಿನ ಸಾಲನ್ನು ಕೊನೆಗೆ ಉಳಿಸಿಕೊಂಡು, ಹೊರಗಿನ ಸಾರ್ವೆ ಮೇಲೆ ನಿಂತು ಹಾಕಿಸಿ. ಕಂಬ ಕಿತ್ತ ದಿನವೇ ತೂತಿಗೆ ನಾನ್-ಶ್ರಿಂಕ್ ಗ್ರೌಟ್ (ಗಟ್ಟಿಯಾದಾಗ ಕುಗ್ಗದ ಸಿಮೆಂಟ್ ಗಾರೆ) ತುಂಬಿಸಿ, ಇಲ್ಲದಿದ್ದರೆ ನೀರು ನಿಂತು ಬೀಮಿನ ಕಂಬಿಗೆ ತುಕ್ಕು ಹಿಡಿಯುತ್ತೆ.